ಕೊಲಂಬೊದ ಹಳೇ ಡ್ರಮ್ಮು

ರೈಲಿನ ಕಿಟಕಿ

ಎಚ್ಚರವಾದಾಗ ಕಿಟಕಿಯಾಚೆ ಹಲಸಿನ ಮರಗಳು ಓಡುತ್ತಿದ್ದವು. ಕೆಂಪು ಮಣ್ಣಿನ ದರೆ, ದರೆಯ ಮೇಲೊಂದು ಹೆಂಚಿನ ಮನೆ, ಮನೆಯ ಹಿಂದೆ ಬಾಳೆ, ಅದರ ಬುಡದಲ್ಲಿ ಕೆಸು. ಅರೆನಿದ್ದೆಯಲ್ಲಿದ್ದ ನನಗೆ ಅರಸಾಳು ಸ್ಟೇಷನ್ ದಾಟಿತು, ಇನ್ನೇನು ಆನಂದಪುರ ಬರುತ್ತದೆ ಎಂದೇ ಅನಿಸಿತು. ಆಮೇಲೆ ಒಂದು ಸ್ಟೇಷನ್ ಬಂತು. ಬೋರ್ಡಿನ ಮೇಲೆ ಗುಂಡು ಗುಂಡಾದ ಅಕ್ಷರಗಳು. ದೂರದಿಂದ ನೋಡಿದರೆ ಅಚ್ಚ ಕನ್ನಡ. ಹತ್ತಿರ ಬಂದ ಹಾಗೆ ಒಂದೊಂದೇ ಅಕ್ಷರ ನನ್ನ ಕೈತಪ್ಪಿ ಹೋಯಿತು. ಕನಸಿನಲ್ಲಿ ಪುಸ್ತಕ ತೆರೆದರೆ ಹೀಗೇ ಆಗುತ್ತದಲ್ಲ, ಎಲ್ಲ ಗೊತ್ತಿರುವ ಅಕ್ಷರ, ಆದರೆ ಓದಲು ಬರುವುದಿಲ್ಲ. ಸಿಂಹಳದಲ್ಲಿ ಇದ್ದಷ್ಟು ದಿನವೂ ನನಗೆ ಈ ಮಂಪರು ಬಿಡಲಿಲ್ಲ. ನಮ್ಮೂರನ್ನೇ ಯಾರೋ ಕನಸಿನಲ್ಲಿ ತೋರಿಸುತ್ತಾ ಹೆಸರುಗಳನ್ನು ಮಾತ್ರ ಬದಲಾಯಿಸಿದ ಹಾಗೆ.

ಎದುರಿನ ಸೀಟಿನಲ್ಲಿ ಗಣಪತಿ ಎರಡೂ ಕೈಯಲ್ಲಿ ತಲೆ ಹಿಡಿದು ಕೂತಿದ್ದ. ಹಡಗಿನಲ್ಲಿ ಶುರುವಾದ ಅವನ ಹೊಟ್ಟೆ ತೊಳಸು ನೆಲಕ್ಕೆ ಇಳಿದ ಮೇಲೂ ನಿಂತಿರಲಿಲ್ಲ.

"ಮಾಸ್ಟ್ರೇ, ಈ ರೈಲೂ ಹಡಗಿನ ಹಂಗೇ ತೂಗ್ತದಲ್ರೀ," ಎಂದ.

ಗಣಪತಿ ಹೊಸನಗರದ ಕಡೆಯ ಹವ್ಯಕರ ಮನೆಯವನು. ಸಾಗರದ ಪೇಟೆಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ. ನಮ್ಮ ಆರ್ಕೆಸ್ಟ್ರಾದಲ್ಲಿ ಅಕಾರ್ಡಿಯನ್ ನುಡಿಸುತ್ತಿದ್ದ. ಎಲ್ಲರ ಹತ್ತಿರ ನಮ್ಮ ಹಾಗೇ ಮಾತಾಡುವವನು, ಗಾಬರಿಯಾದರೆ ಮಾತ್ರ ಅವನ ಬಾಯಲ್ಲಿ ಮನೆಮಾತು ಬರುತ್ತಿತ್ತು. ನಾನು ಮೇಳಿಗೆಯವನು, ಹೊಸನಗರದ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ಮಕ್ಕಳ ಮಾರ್ಚಿಂಗಿಗೆ ಬಾರಿಸುತ್ತಾ ಬಾರಿಸುತ್ತಾ ಡ್ರಮ್ಮಿನ ಹುಚ್ಚು ಹತ್ತಿಸಿಕೊಂಡವನು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಆ ದಿನಗಳಲ್ಲಿ ನಮ್ಮ ಮೂರು ತಾಲೂಕಿನ ಮದುವೆಗಳಿಗೆ ಆರ್ಕೆಸ್ಟ್ರಾ ಇಡಿಸುವುದು ಹೊಸ ಷೋಕಿ. ನಾವು ಏಳು ಜನ. ಹಾಡುವವರು ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಸರೋಜಕ್ಕ. ಎಲ್ಲ ಇತ್ತು, ಡ್ರಮ್ ಸೆಟ್ ಒಂದು ನಮ್ಮದಾಗಿರಲಿಲ್ಲ. ಶಿವಮೊಗ್ಗದಿಂದ ಬಾಡಿಗೆಗೆ ತರುತ್ತಿದ್ದೆವು. ಆ ವರ್ಷ ಬಾಡಿಗೆಯವರು ತಮ್ಮದೇ ಆರ್ಕೆಸ್ಟ್ರಾ ಕಟ್ಟಿದರು, ಇನ್ನು ಕೊಡುವುದಿಲ್ಲ ಎಂದರು. ತುಳಸಿಪೂಜೆ ಕಳೆದರೆ ಮದುವೆಗಳು ಶುರು. ಅಷ್ಟರಲ್ಲಿ ಡ್ರಮ್ ಬರದಿದ್ದರೆ ನಮ್ಮ ಗುಂಪು ಒಡೆಯುವುದು ಖಂಡಿತ. ಆಗಲೇ ಗಿಟಾರಿನವನನ್ನು ಶಿವಮೊಗ್ಗದವರು ಕರೆದಾಗಿತ್ತು.

ಆ ಹೊತ್ತಿಗೆ ಗಣಪತಿಯ ಪರಿಚಯದ ಶೀನಣ್ಣ ಕೊಲಂಬೊದಿಂದ ಸುದ್ದಿ ಕಳಿಸಿದರು. ಅಲ್ಲಿ ಆಮದಿನ ಬಿಗಿ ಸಡಿಲಿಸಿದ್ದಾರೆ, ಹೋಟೆಲುಗಳ ಬ್ಯಾಂಡಿನವರು ಹೊಸ ಡ್ರಮ್ ತರಿಸಿಕೊಂಡು ಹಳೆಯದನ್ನು ಮೂಲೆಗೆ ಹಾಕುತ್ತಿದ್ದಾರೆ, ಬಂದು ನೋಡಿ ಎಂದು. ಏಳು ಜನರೂ ಸೇರಿ ಹಣ ಹೊಂದಿಸಿದೆವು. ಡ್ರಮ್ಮಿನ ಗುಣ ಅಳೆಯಲು ನಾನು, ಸ್ವರ ಅಳೆಯಲು ಗಣಪತಿ. ದಸರಾ ರಜೆಗೆ ಹೊರಟು ರಾಮೇಶ್ವರದಲ್ಲಿ ಹಡಗು ಹತ್ತಿದೆವು.

ವೆಳ್ಳವತ್ತೆ

ಶೀನಣ್ಣ ಕುಂದಾಪುರದವರು. ಕೊಲಂಬೊದ ವೆಳ್ಳವತ್ತೆಯಲ್ಲಿ ಒಂದು ಸಸ್ಯಾಹಾರಿ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ನಾವು ಹೋಟೆಲಿನ ಹಿಂಬಾಗಿಲಲ್ಲಿ ನಿಂತಾಗ ಸೊಂಟಕ್ಕೆ ಟವೆಲು ಸುತ್ತಿಕೊಂಡೇ ಓಡಿಬಂದರು.

"ಹ್ವಾಯ್, ಬಂದ್ರ್ಯಾ! ಬನ್ನಿ ಮಾರ್ರೆ, ಕೂಕಣಿ. ಊರಂಗೆ ಮಳಿ ಹ್ಯಾಂಗಿತ್ತ್?" ಎಂದು ಬೆಂಚು ಎಳೆದು ಕೂರಿಸಿದರು.

ಅವರಿಗೆಂದು ಗಣಪತಿ ಊರಿನಿಂದ ಒಂದು ಜಾಡಿ ಅಪ್ಪೆಮಿಡಿ ಉಪ್ಪಿನಕಾಯಿ ಹೊತ್ತು ತಂದಿದ್ದ. ಹಡಗಿನಲ್ಲಿ ಅದರ ಬಾಯಿ ಸಡಿಲವಾಗಿ ರಸವೆಲ್ಲ ನನ್ನ ಬಿಳಿ ಅಂಗಿಗಳಿಗೆ ಇಳಿದಿತ್ತು. ಶೀನಣ್ಣ ಬೇಜಾರು ಮಾಡಿಕೊಳ್ಳಲಿಲ್ಲ. ಅಂಗಿಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿ ನಿಂತುಬಿಟ್ಟರು. ಎಷ್ಟೋ ವರ್ಷದಿಂದ ಊರಿಗೆ ಹೋಗಿರದ ಮನುಷ್ಯ. ಅಂಗಿಯನ್ನು ನಾನು ಮತ್ತೆ ಕೇಳಲು ಹೋಗಲಿಲ್ಲ.

ಬೆಳಗಿನ ತಿಂಡಿಗೆ ತಟ್ಟೆಯಲ್ಲಿ ಬಂದದ್ದು ನಮ್ಮ ಒತ್ತುಶ್ಯಾವಿಗೆ. ಅಂಗೈ ಅಗಲದ ಪುಟ್ಟ ಪುಟ್ಟ ಸುರುಳಿ, ಮೇಲೆ ತೆಂಗಿನಹಾಲಿನ ಸಾರು. ನಮ್ಮಲ್ಲಿ ಶ್ಯಾವಿಗೆ ಅಂದರೆ ಮನೆಯವರೆಲ್ಲ ಸೇರಿ ಒರಳು ಒತ್ತುವ ಒಂದು ದಿನದ ಹಬ್ಬ, ಇಲ್ಲಿ ಆಫೀಸಿಗೆ ಹೊರಟವರು ನಿಂತುಕೊಂಡೇ ತಿಂದು ಕೈತೊಳೆಯುತ್ತಾರೆ. ಇಲ್ಲಿಯ ಜನಕ್ಕೆ ಅವಸರ ಅನ್ನುವುದು ತಿಂಡಿಯ ಹೊತ್ತಿಗೆ ಮಾತ್ರ. ದಾರಿ ಕೇಳಿದರೆ ನಡೆದುಹೋಗುತ್ತಿದ್ದವರು ನಿಂತು, ಕೊಡೆ ಮಡಚಿ, ನಮ್ಮ ಊರು ಕೇಳಿ, ಆಮೇಲೆ ದಾರಿ ಹೇಳುತ್ತಿದ್ದರು. ನನ್ನ ಊರಿನ ಹೆಸರು ಹೇಳಿದರೆ ಗೊತ್ತಿದ್ದವರ ಹಾಗೆ ತಲೆಯಾಡಿಸುತ್ತಿದ್ದರು.

ಪೇಟೆಯ ಅಂಗಡಿ

ಶೀನಣ್ಣನ ಜೊತೆ ಮೊದಲು ಹೋದದ್ದು ಪೇಟೆಯ ನಡುವಿನ ಒಂದು ಹಳೇ ಸಾಮಾನಿನ ಅಂಗಡಿಗೆ. ಒಳಗೆ ಕಾಲಿಟ್ಟ ಕೂಡಲೇ ನನ್ನ ಎದೆ ಹಾರಿತು. ಗಾಜಿನ ಕಿಟಕಿಯ ಹತ್ತಿರ ಕೆಂಪು ಮಿಂಚಿನ ಹೊದಿಕೆಯ ಇಡೀ ಸೆಟ್ ಜೋಡಿಸಿಟ್ಟಿದ್ದರು. ಕಾಲಲ್ಲಿ ಒದ್ದು ಬಾರಿಸುವ ದೊಡ್ಡ ಬೇಸ್ ಡ್ರಮ್, ಅದರ ಮೇಲೆ ಕೂರುವ ಟಾಮ್, ನೆಲದ ಮೇಲೆ ನಿಲ್ಲುವ ಫ್ಲೋರ್ ಟಾಮ್, ತಂತಿ ಗಿರಗುಡುವ ಸ್ನೇರ್, ಹಿತ್ತಾಳೆಯ ತಟ್ಟೆಗಳಂಥ ಸಿಂಬಲ್‌ಗಳು. ಬಿಸಿಲು ಬಿದ್ದರೆ ದೀಪಾವಳಿಯ ಹಾಗೆ ಮಿಂಚುತ್ತಿತ್ತು. ತೀರ್ಥಹಳ್ಳಿಯ ಚಪ್ಪರದಡಿಯಲ್ಲಿ ನಾನು ಅದರ ಹಿಂದೆ ಕೂತ ಹಾಗೆ, ಮದುಮಗನನ್ನು ಬಿಟ್ಟು ಜನ ನನ್ನನ್ನೇ ನೋಡುತ್ತಿರುವ ಹಾಗೆ, ನಿಂತಲ್ಲೇ ಕಣ್ಣಿಗೆ ಕಟ್ಟಿತು.

"ಇದೇ ಆಗ್ಲಿ ಮಾಸ್ಟ್ರೇ," ಎಂದ ಗಣಪತಿ. ಅವನಿಗೂ ಹಾಗೇ ಕಂಡಿರಬೇಕು.

ಬಾಡಿಗೆ ಡ್ರಮ್‌ಗಳನ್ನು ಕಟ್ಟಿ ಬಿಚ್ಚಿ ನಾನು ಕೆಲವು ಪಾಠ ಕಲಿತಿದ್ದೆ. ಚರ್ಮ ಹರಿದಿದ್ದರೆ ಚಿಂತೆಯಿಲ್ಲ, ಹೊಸದು ಹಾಕಬಹುದು. ಮೇಲಿನ ತುಕ್ಕು ಎಣ್ಣೆಬಟ್ಟೆಗೆ ಹೋಗುತ್ತದೆ, ಗುಳಿ ಬಿದ್ದ ತುಕ್ಕು ಹೋಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ ಚರ್ಮ ಬಿಗಿಯುವ ಮರದ ಗೂಡು. ಅದು ಸೊಟ್ಟಗಾಗಿದ್ದರೆ ಯಾವ ದೇವರೂ ಶ್ರುತಿ ಕೂಡಿಸಲಾರ. ಅಂಗಡಿಯವನು ಒಳ್ಳೆಯ ಮನುಷ್ಯ, ಬಿಚ್ಚಿ ನೋಡಿ ಎಂದ. ಟಾಮಿನ ಚರ್ಮ ತೆಗೆದು ಗೂಡನ್ನು ಅವನ ಗಾಜಿನ ಮೇಜಿನ ಮೇಲೆ ಬೋರಲು ಹಾಕಿ ಬಗ್ಗಿ ನೋಡಿದೆ. ಅಂಚಿನ ಅಡಿಯಿಂದ ಎರಡು ಕಡೆ ಬೆಳಕು ನುಗ್ಗಿಬರುತ್ತಿತ್ತು. ಅಂಚು ಮಟ್ಟವಿಲ್ಲ. ಬೋಲ್ಟುಗಳನ್ನು ತಿರುಗಿಸಿದರೆ ಅರ್ಧದಷ್ಟು ಸುಮ್ಮನೆ ಸುತ್ತುತ್ತಿದ್ದವು, ಹಿಡಿತವೇ ಇಲ್ಲ. ಬೋಲ್ಟು ಹಿಡಿಯುವ ಲೋಹದ ಕಿವಿಯೊಂದನ್ನು ಸಡಿಲಿಸಿದೆ. ಹಳೆಯ ಡ್ರಮ್ಮಾದರೆ ಅದರಡಿ ಬಿಸಿಲು ಕಾಣದ ಗಾಢ ಬಣ್ಣ ಇರಬೇಕು. ಇಲ್ಲಿ ಎಲ್ಲ ಒಂದೇ ಬಣ್ಣ. ಒಳಗಿನ ಮರ ನೋಡಿದರೆ ಒಂದೊಂದರದ್ದೂ ಒಂದೊಂದು ಥರ. ಬೇರೆ ಬೇರೆ ಸೆಟ್ಟುಗಳ ಡ್ರಮ್‌ಗಳನ್ನು ಕೂಡಿಸಿ ಮೇಲೊಂದು ಹೊಸ ಹೊದಿಕೆ ಅಂಟಿಸಿದ್ದರು.

ಇಷ್ಟೆಲ್ಲ ಗೊತ್ತಾದ ಮೇಲೂ ನಾನು ಆ ಕೆಂಪಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ಶೀನಣ್ಣ ಬಂದು ರಟ್ಟೆ ಹಿಡಿದರು.

"ಹೋಪ ಬನ್ನಿ. ಇನ್ನೊಂದ್ ಕಡಿ ಇತ್ತ್, ಕಾಂಬ."

ಸಮುದ್ರದ ಪಕ್ಕದ ಓಣಿ

ಆ ಇನ್ನೊಂದು ಕಡೆ ಎಂದರೆ ಸಮುದ್ರಕ್ಕೆ ಹೋಗಿ ಮುಟ್ಟುವ ಒಂದು ಓಣಿ. ಮನೆಗಳ ಕಬ್ಬಿಣದ ಗೇಟುಗಳನ್ನೆಲ್ಲ ಉಪ್ಪುಗಾಳಿ ತಿಂದಿತ್ತು. ಕೊನೆಯ ಮನೆಯವರು ಡೊರೀನ್ ಎಂಬ ಬರ್ಗರ್ ಹೆಂಗಸು. ಬರ್ಗರ್ ಎಂದರೆ ಡಚ್ಚರ ಕಾಲದಿಂದ ಅಲ್ಲೇ ಬೆರೆತು ಉಳಿದ ಜನ. ಎಪ್ಪತ್ತರ ಹತ್ತಿರದ ವಯಸ್ಸು, ಹೂವಿನ ಫ್ರಾಕು, ಕೈಯಲ್ಲಿ ಊರುಗೋಲು. ನಾವು ಬಂದ ಕಾರಣ ಹೇಳಿದೆವು. ಮುದುಕಿ, ಹಾಗಾಗಿ ಗಂಡನದ್ದಿರಬೇಕು ಡ್ರಮ್ಮು ಎಂದುಕೊಂಡು ನಾನು, "ನಿಮ್ಮ ಯಜಮಾನರು ಯಾವ ಬ್ಯಾಂಡಿನಲ್ಲಿದ್ದರು?" ಎಂದು ನನ್ನ ಇಂಗ್ಲಿಷಿನಲ್ಲಿ ಕೇಳಿದೆ.

"ಅವನು ಪಿಯಾನೊ," ಎಂದರು. "ಡ್ರಮ್ ನನ್ನದು."

ಗಣಪತಿಯೂ ನಾನೂ ಮುಖ ಮುಖ ನೋಡಿಕೊಂಡೆವು. ಅವರು ನಕ್ಕರು. ದೊಡ್ಡ ಯುದ್ಧದ ಕಾಲದಲ್ಲಿ, ಗಂಡಸರೆಲ್ಲ ಪಟಾಲಮ್ಮಿಗೆ ಹೋದಾಗ, ಹೋಟೆಲಿನಲ್ಲಿ ಬಾರಿಸಲು ಯಾರೂ ಇರಲಿಲ್ಲವಂತೆ. ಇವರು ಹೋಗಿ ಕೂತರು. ಯುದ್ಧ ಮುಗಿದ ಮೇಲೂ ಏಳಲಿಲ್ಲ. ಮುಂದೆ ಈ ಸೆಟ್ ಕೊಂಡು, ಮೊಣಕಾಲು ಸೋಲುವ ತನಕ ಬಾರಿಸಿದರು.

"ನಾನು ಮಾರುತ್ತಿಲ್ಲ, ನೋಡಿ. ನನ್ನ ಮೊಣಕಾಲು ಮಾರುತ್ತಿದೆ."

ಒಳಕೋಣೆಯಲ್ಲಿ ಬೆಡ್‌ಶೀಟು ಹೊದೆಸಿಟ್ಟಿದ್ದ ಸೆಟ್ಟಿನ ಬಣ್ಣ ಒಂದು ಕಾಲಕ್ಕೆ ಮುತ್ತಿನದ್ದಾಗಿತ್ತಂತೆ. ಈಗ ಹಳೆಯ ಹಲ್ಲಿನ ಹಾಗೆ ಹಳದಿ. ಲೋಹದ ಕಿವಿಯ ಅಡಿಯಲ್ಲಿ ಮಾತ್ರ ಬೆಳ್ಳನೆಯ ಮುತ್ತು ಹಾಗೇ ಇತ್ತು, ನಾಲ್ಕರಲ್ಲೂ ಒಂದೇ ಥರ. ಎಲ್ಲವೂ ಕೂಡಿ ಹುಟ್ಟಿದವು, ಕೂಡಿಯೇ ಮುಪ್ಪಾದವು. ಬೋಲ್ಟುಗಳು ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿದವು. ಚರ್ಮದ ಮೇಲೆ ಪ್ರತಿ ಬೋಲ್ಟಿನ ಹತ್ತಿರವೂ ಬೆರಳಲ್ಲಿ ತಟ್ಟುತ್ತಾ ಸುತ್ತು ಬಂದೆ. ಗಣಪತಿ ಕಣ್ಣು ಮುಚ್ಚಿ ಕೇಳಿ, "ಒಂದೇ ಸ್ವರ," ಎಂದ.

ಬೇಸ್ ಡ್ರಮ್ಮನ್ನು ಬಿಚ್ಚಿ ನೋಡಲೇ ಎಂದು ಕೇಳಬೇಕಿತ್ತು. ಅದಕ್ಕೆ ಹಾಕಿದ್ದು ಕರುವಿನ ಚರ್ಮ. "ಇದನ್ನು ಬಿಗಿದವನು ನನ್ನ ಗಂಡ, ಕೊನೆಯ ವರ್ಷ," ಎಂದು ಅವರು ಅದರ ಮೇಲೆ ಅಂಗೈ ಇಟ್ಟುಕೊಂಡೇ ಹೇಳಿದರು. ಆಮೇಲೆ ಬಿಚ್ಚುವ ಮಾತನ್ನು ನಾನು ಎತ್ತಲಿಲ್ಲ. ಗೂಡಿನಲ್ಲಿ ಗಾಳಿಯಾಡಲೆಂದು ಒಂದು ಸಣ್ಣ ತೂತು ಇರುತ್ತದೆ. ಗಣಪತಿಗೆ ಚರ್ಮದ ಹೊರಗಿನಿಂದ ಟಾರ್ಚು ಹಿಡಿಯಲು ಹೇಳಿ ತೂತಿಗೆ ಕಣ್ಣಿಟ್ಟೆ. ಒಳಗೆ ಇಡೀ ಡ್ರಮ್ಮು ಜೇನಿನ ಬಣ್ಣದಲ್ಲಿ ಬೆಳಗುತ್ತಿತ್ತು. ಚರ್ಮದ ಸಣ್ಣ ನರಗಳು ಎಲೆಯ ನರಗಳ ಹಾಗೆ ಹಬ್ಬಿದ್ದವು. ಎದುರಿನ ಮರ ನುಣ್ಣಗೆ, ಸುತ್ತಲೂ ಒಂದೇ ಸಮ. ಸಂಜೆಯಲ್ಲಿ ಯಾರೂ ಇಲ್ಲದ ಒಂದು ಕೋಣೆಯನ್ನು ಕೀಲಿತೂತಿನಿಂದ ನೋಡಿದ ಹಾಗಾಯಿತು. ಗಣಪತಿ ಕರೆದರೂ ನಾನು ಕಣ್ಣು ತೆಗೆಯಲಿಲ್ಲ.

"ನೀವು ನೋಡಿದ್ದಾಯಿತಾ?" ಎಂದರು ಡೊರೀನ್. "ಈಗ ನಾನು ನಿಮ್ಮನ್ನು ನೋಡಬೇಕು. ಬಾರಿಸಿ."

ಕೂತು ಮಾರ್ಚಿಂಗಿನ ಗತ್ತು ಬಾರಿಸಿದೆ. ಅವರು ಸ್ವಲ್ಪ ಕೇಳಿ ಕೈ ಎತ್ತಿದರು.

"ಇದು ಸ್ಕೂಲು. ನಿಮ್ಮೂರಲ್ಲಿ ಜನ ಏನು ಬಾರಿಸುತ್ತಾರೆ?"

ಕೋಲುಗಳನ್ನು ಕೆಳಗಿಟ್ಟೆ. ಫ್ಲೋರ್ ಟಾಮನ್ನು ಮೊಣಕಾಲಿನ ನಡುವೆ ಎಳೆದುಕೊಂಡು ಬರಿಗೈಯಲ್ಲಿ ಡೊಳ್ಳಿನ ಗತ್ತು ಹಿಡಿದೆ. ನಾನು ಡೊಳ್ಳಿನ ಮನೆತನದವನಲ್ಲ, ಸಾಗರದ ಸುತ್ತಮುತ್ತ ಕೇಳಿ ಕೇಳಿ ಕಿವಿಯಲ್ಲಿ ಉಳಿದದ್ದು ಅಷ್ಟೇ. ಕೈಗೆ ಅದು ಗೊತ್ತಿದೆ ಎಂದು ಆ ದಿನವೇ ತಿಳಿದದ್ದು. ಡೊರೀನ್ ಕೋಲೂರಿಕೊಂಡು ಎದ್ದು ಹೊರಗೆ ಹೋದರು. ಮೆಚ್ಚಲಿಲ್ಲವೇನೋ ಎಂದು ನಿಲ್ಲಿಸಲು ಹೋದರೆ, "ನಿಲ್ಲಿಸಬೇಡಿ!" ಎಂದು ಅಂಗಳದಿಂದ ಕೂಗಿದರು. ಗೇಟಿನ ಹತ್ತಿರ ನಮಗೆ ಬೆನ್ನು ಹಾಕಿ, ಸಮುದ್ರದ ಕಡೆ ಮುಖ ಮಾಡಿ ನಿಂತಿದ್ದರು. ಫ್ರಾಕು ಗಾಳಿಗೆ ಹಾರುತ್ತಿತ್ತು. ನಾನು ಬಾರಿಸುತ್ತಲೇ ಇದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ.

ಒಳಗೆ ಬಂದವರು, "ಡ್ರಮ್ಮನ್ನು ಅದರ ಹಿಂದೆ ಕೂತು ಅಳೆಯಬಾರದು. ಕೇಳುವವರು ನಿಲ್ಲುವಲ್ಲಿ ಹೋಗಿ ನಿಲ್ಲಬೇಕು," ಎಂದರು. ಆಮೇಲೆ, "ಒಯ್ಯಿರಿ."

ಬೆಲೆಯ ಮಾತನ್ನು ಶೀನಣ್ಣ ಮುಗಿಸಿದರು. ಕಟ್ಟಿಕೊಂಡು ಹೊರಟಾಗ ಡೊರೀನ್ ಒಂದು ಸಿಂಬಲನ್ನು ಮಾತ್ರ ಎತ್ತಿ ಹಿಂದಿಟ್ಟುಕೊಂಡರು. "ಇದು ಬೇಡ. ಹಿತ್ತಲಿನ ಕೋಣೆಯಲ್ಲಿರುವ ತಮ್ಮನನ್ನು ಊಟಕ್ಕೆ ಕರೆಯಬೇಕು, ಅವನಿಗೆ ಕಿವಿ ಮಂದ." ನಾವು ಓಣಿಯ ತಿರುವಿಗೆ ಬರುವಷ್ಟರಲ್ಲಿ ಹಿಂದಿನಿಂದ ಅದು ಒಮ್ಮೆ ಝಣ್ ಎಂದಿತು. ಊಟದ ಹೊತ್ತು ಮೀರಿತ್ತು.

ರಾಮೇಶ್ವರದ ಸುಂಕದ ಕಟ್ಟೆ

ಹಡಗಿನಲ್ಲಿ ಹಿಂದಿರುಗುವಾಗ ಸಮುದ್ರ ಹಾಸಿದ ಚಾಪೆಯ ಹಾಗೆ ಮಲಗಿತ್ತು. ಗಣಪತಿಗೂ ಹೊಟ್ಟೆ ತೊಳಸಲಿಲ್ಲ. ಗೋಣಿ ಸುತ್ತಿದ ಬೇಸ್ ಡ್ರಮ್ಮಿಗೆ ಒರಗಿ ನಿದ್ದೆ ಹೋದ.

ರಾಮೇಶ್ವರದ ಕಸ್ಟಮ್ಸ್ ಷೆಡ್ಡಿನಲ್ಲಿ ನಮ್ಮ ಮುಂದಿನವರ ಪೆಟ್ಟಿಗೆಗಳಿಂದ ನೈಲಾನ್ ಸೀರೆ, ಟೇಪ್ ರೆಕಾರ್ಡರು ಎಲ್ಲ ಹೊರಬರುತ್ತಿದ್ದವು. ನಮ್ಮ ಸರದಿ ಬಂದಾಗ ಅಧಿಕಾರಿ ಬೇಸ್ ಡ್ರಮ್ಮನ್ನು ಬೆರಳಿನಿಂದ ಬಡಿದು, "ಒಳಗೆ ಏನಿದೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಗಾಳಿ, ಸಾರ್."

"ಬಿಚ್ಚಿ."

ಅವರು ತಮ್ಮ ಕೆಲಸ ಮಾಡುತ್ತಿದ್ದರು. ನಾನು ನೆಲದ ಮೇಲೆ ಕೂತು ಒಂದೊಂದೇ ಬೋಲ್ಟು ಸಡಿಲಿಸಿದೆ. ಆ ಚರ್ಮ ಹರಿಯದಿದ್ದರೆ ಸಾಕು ಎಂಬುದೊಂದೇ ಭಯ. ಅದು ಹರಿಯಲಿಲ್ಲ, ಉಸಿರು ಬಿಟ್ಟ ಹಾಗೆ ಮೆಲ್ಲಗೆ ಬಿಟ್ಟುಕೊಂಡಿತು. ಒಳಗೆ ಬೆಳಕು ಬಿತ್ತು. ನಾನು ಕಣ್ಣಿಟ್ಟಿದ್ದ ಗಾಳಿತೂತಿನ ಪಕ್ಕದಲ್ಲೇ, ಅಂದರೆ ತೂತಿನಿಂದ ನೋಡುವವನಿಗೆ ಎಂದೂ ಕಾಣಿಸದ ಕಡೆ, ಮರ ಸೀಳಿತ್ತು. ಒಂದು ಗೇಣಿನ ಸೀಳು. ಅದರ ಮೇಲೆ ಬೇರೆ ಬಣ್ಣದ ತೆಳುವಾದ ಹಲಗೆಯ ತುಂಡನ್ನು ಬಾಗಿಸಿ ಅಂಟಿಸಿ ಹಿತ್ತಾಳೆಯ ಮೊಳೆ ಹೊಡೆದಿದ್ದರು. ಹೊರಗಿನಿಂದ ಹಳದಿ ಮುತ್ತಿನ ಹೊದಿಕೆ ಎಲ್ಲವನ್ನೂ ಮುಚ್ಚಿತ್ತು.

ಮರದ ಗೂಡೇ ಮುಖ್ಯ, ಗೂಡೇ ಮುಖ್ಯ ಎಂದು ಎಲ್ಲರಿಗೂ ಪಾಠ ಹೇಳಿ ಬಂದವನು ನಾನು. ಗಣಪತಿ ಬಗ್ಗಿ ನೋಡಿದ, ಬಾಯಿಗೆ ಮನೆಮಾತು ಬಂತು.

"ಒಳಗೆ ಒಡದ್ಹೋಯ್ದು ಮಾರಾಯ! ಯಂಗ ಇಬ್ರೂ ಮೋಸಹೋದ್ಯ. ಊರಿಗೆ ಹೋಗಿ ಎಂತ ಹೇಳದು ಈಗ?"

ಅಧಿಕಾರಿ ತಮ್ಮ ಮೇಲಿನವರನ್ನು ಕರೆದರು. ನರೆತ ಮೀಸೆಯ ಅವರು ಕನ್ನಡಕ ಏರಿಸಿ ಆ ತೇಪೆಯ ಮೇಲೆ ಕೈಯಾಡಿಸಿದರು. ಆಮೇಲೆ ನನ್ನನ್ನು ನೋಡಿದರು. ಆ ನೋಟದಲ್ಲಿ ಕನಿಕರ ಇತ್ತು.

"ಇದಕ್ಕೋಸ್ಕರ ನೀವು ಸಿಲೋನಿಗೆ ಹೋಗಿದ್ದಿರಾ?"

"ಹೌದು ಸಾರ್."

"ಒಡೆದ ಡ್ರಮ್ಮು. ಇದಕ್ಕೆ ಬೆಲೆ ಕಟ್ಟಿ ನಾನು ಏನು ಸುಂಕ ಹಾಕಲಿ?" ಎಂದು ತಲೆಯಾಡಿಸಿ, ಸೀಮೆಸುಣ್ಣ ತೆಗೆದು ಎಲ್ಲ ಡ್ರಮ್ಮಿನ ಮೇಲೂ ಒಂದೊಂದು ಗೀಟು ಎಳೆದರು. "ತಗೊಂಡು ಹೋಗಿ."

ದಾರಿಯುದ್ದಕ್ಕೂ ನಾವು ಹೆದರಿದ್ದದ್ದು ಸುಂಕಕ್ಕೆ. ಅದಕ್ಕೆಂದು ಬೇರೆ ತೆಗೆದಿಟ್ಟಿದ್ದ ಹಣ ಜೇಬಿನಲ್ಲೇ ಉಳಿಯಿತು. ಆದರೂ ಷೆಡ್ಡಿನಿಂದ ಹೊರಬಂದಾಗ ನಾವು ಯಾವುದೋ ಸಾವಿನ ಮನೆಯಿಂದ ಬಂದವರ ಹಾಗಿದ್ದೆವು.

ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಕೂತು ಚರ್ಮವನ್ನು ಮತ್ತೆ ಬಿಗಿದೆ. ಡೊರೀನ್ ಅವರಿಗೆ ಗೊತ್ತಿತ್ತೇ? ಗಂಡ ತೇಪೆ ಹಾಕಿ ಹೇಳದೆ ಹೋದನೇ? ಕೊಳ್ಳುವ ಮೊದಲೇ ಒಡೆದಿತ್ತೇ? ನನಗೆ ಇಂದಿಗೂ ತಿಳಿಯದು. ಶೀನಣ್ಣನ ಮೂಲಕ ಕೇಳಿಸಬಹುದಿತ್ತು. ಮನಸ್ಸು ಬರಲಿಲ್ಲ. ಚರ್ಮದ ಮೇಲಿದ್ದ ಆ ಅಂಗೈ ನೆನಪಾಗುತ್ತಿತ್ತು.

"ಗಣಪತಿ, ಪ್ಲಾಟ್‌ಫಾರಂ ತುದಿಗೆ ಹೋಗಿ ನಿಂತ್ಕೊ," ಎಂದೆ.

ಹೋದ. ಬಿಸಿಲಿಗೆ ಕೈ ಅಡ್ಡ ಹಿಡಿದು ಪುಟ್ಟ ಬೊಂಬೆಯ ಹಾಗೆ ದೂರದಲ್ಲಿ ನಿಂತ. ನಾನು ಮುಷ್ಟಿಯಿಂದ ಬೇಸ್ ಡ್ರಮ್ಮಿಗೆ ಒಂದು ಪೆಟ್ಟು ಕೊಟ್ಟೆ. ಮತ್ತೊಂದು. ಮಲಗಿದ್ದ ಯಾತ್ರಿಕರೆಲ್ಲ ಎದ್ದು ಕೂತರು. ಗಣಪತಿ ಅಷ್ಟು ದೂರ ನಡೆದು ಬರುವ ತನಕ ನಾನು ಅವನ ಮುಖ ನೋಡಲಿಲ್ಲ.

"ಮಾಸ್ಟ್ರೇ," ಎಂದ, "ಅಲ್ಲಿ ನಿಂತರೆ ಒಡೆದದ್ದು ಅಂತ ಅನ್ಸಲ್ಲ. ಎದೆಗೇ ಬಂದು ತಾಗ್ತದೆ."

ಸೇತುವೆ

ರೈಲು ಪಾಂಬನ್ ಸೇತುವೆ ಏರಿದಾಗ ವೇಗ ಕಳೆದುಕೊಂಡು ತೆವಳತೊಡಗಿತು. ಕಿಟಕಿಯ ಕೆಳಗೆ ನೆಲವಿಲ್ಲ, ಕಂಬಿ ಕೂಡ ಕಾಣುವುದಿಲ್ಲ, ಎರಡೂ ಕಡೆ ಹಸಿರು ನೀರು ಮಾತ್ರ. ನೀರಿನ ಮೇಲೆಯೇ ರೈಲು ನಡೆದ ಹಾಗೆ. ಡಬ್ಬಿಯಲ್ಲಿ ಎಲ್ಲರೂ ಮಾತು ನಿಲ್ಲಿಸಿದ್ದರು. ಆಗ ನಮ್ಮ ತಲೆಯ ಮೇಲಿನ ಸಾಮಾನಿನ ಹಲಗೆಯಿಂದ ಸಣ್ಣಗೆ ಒಂದು ಸದ್ದು ಶುರುವಾಯಿತು. ಸ್ನೇರಿನ ಅಡಿಯ ತಂತಿಗಳು ಸೇತುವೆಯ ಅದುರಿಗೆ ತಾವಾಗಿಯೇ ಗಿರಗುಡುತ್ತಿದ್ದವು. ಮಳೆ ನಿಂತ ಮೇಲೆ ಮರದಿಂದ ಉದುರುವ ಹನಿಗಳ ಹಾಗೆ. ಅದಕ್ಕೆ ಫ್ಲೋರ್ ಟಾಮು ಗುಂಯ್ ಎಂದಿತು, ಬೇಸ್ ಡ್ರಮ್ಮೂ ಸೇರಿತು. ಎದುರು ಕೂತಿದ್ದ ಒಬ್ಬ ಅಜ್ಜಿ ಮೇಲೆ ನೋಡಿ ಕೈಮುಗಿದಳು. ಗಣಪತಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಸೇತುವೆ ದಾಟಿದ ಮೇಲೆ ಎಲ್ಲ ಸುಮ್ಮನಾಯಿತು.

ತೀರ್ಥಹಳ್ಳಿ

ಊರು ಮುಟ್ಟಿದ ಮರುದಿನ ಎಲ್ಲರೂ ಸರೋಜಕ್ಕನ ಮನೆಯ ಜಗಲಿಯಲ್ಲಿ ಸೇರಿದರು. ಗಿಟಾರಿನವನೂ ಬಂದಿದ್ದ, ಆದರೆ ಚಪ್ಪಲಿ ಬಿಡದೆ ಮೆಟ್ಟಿಲ ಮೇಲೇ ನಿಂತಿದ್ದ. ಗೋಣಿ ಬಿಚ್ಚಿ ಹಳದಿ ಬಣ್ಣದ ಸೆಟ್ಟನ್ನು ಜೋಡಿಸಿದೆ. ಕೂರುವ ಮೊದಲೇ ನಾನು ಎಲ್ಲ ಹೇಳಿಬಿಟ್ಟೆ. ಕಣ್ಣಿಗೆ ಕಾಣುವುದನ್ನೆಲ್ಲ ನೋಡಿದೆ, ಬಿಚ್ಚಿ ನೋಡಲಿಲ್ಲ, ಒಳಗೆ ಒಂದು ಗೇಣು ಸೀಳಿದೆ, ತೇಪೆ ಹಾಕಿದ್ದಾರೆ ಎಂದೆ. ಚರ್ಮ ತೆಗೆದು ತೋರಿಸಲು ಬೋಲ್ಟು ತಿರುಗಿಸುವ ಕೀಲಿಯನ್ನೂ ಕೈಗೆತ್ತಿಕೊಂಡೆ.

ಗಿಟಾರಿನವನು ತಲೆ ಕೆಳಗೆ ಹಾಕಿದ. ಸರೋಜಕ್ಕ ಆಸ್ಪತ್ರೆಯಿಂದ ಬಂದವರು ಬಿಳಿ ಸೀರೆಯನ್ನೂ ಬದಲಾಯಿಸಿರಲಿಲ್ಲ. ಬೇಸ್ ಡ್ರಮ್ಮಿನ ಹತ್ತಿರ ಕೂತು ತೇಪೆ ಇದ್ದ ಜಾಗವನ್ನು ಹೊರಗಿನಿಂದಲೇ ಸವರಿದರು.

"ಬಿಚ್ಚೋದ್ ಬ್ಯಾಡ ಬಿಡಿ," ಎಂದರು. "ಮಾಸ್ಟ್ರೇ, ಒಂದ್ ಕೇಳ್ತೀನಿ. ಒಡೆದಿದೆ ಅಂತ ಅಲ್ಲೇ ಗೊತ್ತಾಗಿದ್ರೆ ತರ್ತಿದ್ರಾ?"

ಸುಳ್ಳು ಹೇಳಬಹುದಿತ್ತು. "ಇಲ್ಲ ಸರೋಜಕ್ಕ. ಖಂಡಿತ ತರ್ತಿರಲಿಲ್ಲ."

"ಹಂಗಾರೆ ಗೊತ್ತಾಗದಿದ್ದೇ ಒಳ್ಳೇದಾಯ್ತು. ತಂದಾಗಿದೆಯಲ್ಲ, ಬಾರ್ಸಿ ನೋಡಣ."

ಕೂತೆ. ಕಾಲು ಪೆಡಲಿನ ಮೇಲೆ ಇಟ್ಟೆ. ಯಾವ ಹಾಡು ಎಂದು ಕೇಳುವಷ್ಟರಲ್ಲಿ ಸರೋಜಕ್ಕ ಶುರುಮಾಡಿಯೇ ಬಿಟ್ಟಿದ್ದರು. ನಾನು ಹಿಂದೆ ಹಿಂದೆ ಓಡಿ ಅವರನ್ನು ಹಿಡಿದೆ. ಗಣಪತಿ ಅಕಾರ್ಡಿಯನ್ನಿನ ಪಟ್ಟಿಯನ್ನು ಹೆಗಲಿಗೇರಿಸಿದ. ಎರಡನೆಯ ಸಾಲು ಮುಗಿಯುವ ಹೊತ್ತಿಗೆ ಮೆಟ್ಟಿಲ ಮೇಲಿದ್ದ ಗಿಟಾರಿನವನು ಚಪ್ಪಲಿ ಬಿಟ್ಟು ಒಳಗೆ ಬಂದ.